ಸಿಪಾಯಿಗೆ ಬರೆದ ಕಣ್ಣು

"ಹ್ವಾಯ್, ಎಂತ ಬೇಕಾರೂ ಮಾಡ್ಕಣಿ. ಈ ಮಾಡಿನಡಿ ಕೂಕಂಡ್ ಕಣ್ಣ್ ಮಾತ್ರ ಬರೆಯೂಕಾಗ," ಎಂದಳು ಅಮ್ಮಣ್ಣಿ.

ಲೀಲಾಧರ ತಲೆ ಎತ್ತಲಿಲ್ಲ. ಬಸ್ರೂರಿನಲ್ಲಿ ಹೆಂಡತಿಯ ತವರುಮನೆಯ ಚಾವಡಿಯಲ್ಲಿ ಚಾಪೆ ಹಾಸಿ, ವಿಲಾಯತಿ ಡಬ್ಬಿಯೊಂದನ್ನು ಬಿಚ್ಚಿಕೊಂಡು ಕುಳಿತಿದ್ದ. ಡಬ್ಬಿಯ ಮೇಲೆ ಹೊಗೆ, ಬೆಂಕಿ, ಬಂದೂಕು ಹಿಡಿದು ಓಡುವ ಸಿಪಾಯಿಯ ಚಿತ್ರ. ಒಳಗೆ ಮಾತ್ರ ಬೂದು ಪ್ಲಾಸ್ಟಿಕ್ಕಿನ ಕಡ್ಡಿಗಳಿಗೆ ಅಂಟಿಕೊಂಡ ಕೈ, ಕಾಲು, ಎದೆ, ಬೆನ್ನು, ಟೋಪಿ. ಬ್ಲೇಡಿನಿಂದ ಒಂದೊಂದನ್ನೇ ಕತ್ತರಿಸಿ, ಅಂಟು ಹಚ್ಚಿ ಜೋಡಿಸಿ, ಬಣ್ಣ ಬಳಿದರೆ ಗೇಣುದ್ದದ ಸಿಪಾಯಿಯೊಬ್ಬ ಎದ್ದು ನಿಲ್ಲುತ್ತಾನೆ. ಮೂವತ್ತು ದಾಟಿದ ಗಂಡಸಿಗೆ ಅದೇ ಹವ್ಯಾಸ.

ಬೊಂಬಾಯಿಯ ಫೋರ್ಟ್ ಪೇಟೆಯಲ್ಲಿ ಅವನ ಅಪ್ಪ ಕಟ್ಟಿದ ಹೋಟೆಲು. ಅಪ್ಪ ಲೋಟ ತೊಳೆದು ಮೇಲೆ ಬಂದವರು, ಮಗ ನೇರ ಹಣದ ಗಲ್ಲೆಯ ಕುರ್ಚಿಯಲ್ಲೇ ಹುಟ್ಟಿದವನು. ಊಟಕ್ಕೆ ಬರುವ ಹಡಗಿನವರಿಂದ ಇಂಥ ಡಬ್ಬಿ ತರಿಸಿಕೊಳ್ಳುತ್ತಿದ್ದ. ಗಲ್ಲೆಯ ಹಿಂದಿನ ಗಾಜಿನ ಕಪಾಟಿನಲ್ಲಿ ಜರ್ಮನಿಯವರು, ಜಪಾನಿನವರು, ಇಂಗ್ಲಿಷರು ಸಾಲಾಗಿ ನಿಂತಿದ್ದರು. ಮಹಾಯುದ್ಧ ಗೆದ್ದವನು ತಾನೇ ಎಂಬಂತೆ ಗಿರಾಕಿಗಳಿಗೆ ವಿವರಿಸುತ್ತಿದ್ದ. ಆದರೆ ಡಿಸೆಂಬರಿನ ಬಾಂಗ್ಲಾ ಯುದ್ಧದಲ್ಲಿ ಸೈರನ್ ಕೂಗಿದಾಗ, ಏಳು ತಿಂಗಳ ಬಸುರಿ ಹೆಂಡತಿ ಸರಸಳ ಕೈ ಕೊಡವಿ, ಎಲ್ಲರಿಗಿಂತ ಮೊದಲು ಅಕ್ಕಿ ಮೂಟೆಗಳ ಸಂದಿಗೆ ನುಗ್ಗಿದ್ದೂ ಇದೇ ಶೂರ. ಸರಸ ಆ ಮಾತನ್ನು ಯಾರ ಹತ್ತಿರವೂ ಆಡಿರಲಿಲ್ಲ.

ಈಗ ಎಪ್ಪತ್ತೆರಡರ ಮೇ ತಿಂಗಳು. ಬಾಣಂತನ ಮುಗಿಸಿದ ಹೆಂಡತಿಯನ್ನೂ ಮೂರು ತಿಂಗಳ ಮಗಳು ಕುಸುಮಳನ್ನೂ ಕರೆದೊಯ್ಯಲು ಬಂದಿದ್ದ. ಬಂದ ದಿನದಿಂದ ಅವನ ಬಾಯಿಗೆ ಬಿಡುವಿರಲಿಲ್ಲ. ಊರು ಕೊಳಕು, ಬಸ್ಸು ಡಬ್ಬ, ಜನ ದಡ್ಡರು. ಎಲ್ಲಕ್ಕಿಂತ ದೊಡ್ಡ ತಮಾಷೆ, ಈ ಮನೆಯಲ್ಲಿ ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚಬೇಕಾದರೂ ಅಂಗಳಕ್ಕೆ ಒಯ್ಯುತ್ತಿದ್ದರು. ಮಕ್ಕಳು ಸ್ಲೇಟಿನಲ್ಲಿ ಮನುಷ್ಯನನ್ನು ಬರೆದರೆ ಮೂಗು ಬಾಯಿ ಇರುತ್ತಿತ್ತು, ಕಣ್ಣಿನ ಜಾಗ ಬೋಳು.

"ಯಾಕೆ ಅಂತಾದ್ರೂ ಹೇಳಿ ಅಮ್ಮಮ್ಮ," ಎಂದ, ಕೊನೆಗೂ.

ಅಮ್ಮಣ್ಣಿ ಸರಸಳ ಅಜ್ಜಿ. ಎರಡೂ ಕಣ್ಣಿಗೆ ಹೂ ಬಿದ್ದು, ಜನರನ್ನು ದನಿಯಲ್ಲೇ ಗುರುತಿಸುವವಳು. ಅವಳು ಹಂಚಿನ ಮಾಡಿನತ್ತ ಮುಖ ಎತ್ತಿ ತಗ್ಗಿದ ದನಿಯಲ್ಲಿ ಹೇಳಿದಳು. ಅವಳ ಸೋದರಮಾವ ಪಾಂಡು ನೆರೆಯವನೊಬ್ಬನ ಮೇಲಿನ ಹಟಕ್ಕೆ ಘಟ್ಟದ ಮೇಲಿಂದ ಮಾಟಗಾರನನ್ನು ಕರೆಸಿದ್ದ. ಈ ಮನೆಯ ಅಟ್ಟದಲ್ಲೇ ಮರದ ಪಾಪೆ ಗೊಂಬೆ ಮಾಡಿ, ಅದಕ್ಕೆ ಭೂತವೊಂದನ್ನು ಕರೆಸಿ, ನೆರೆಯವನ ತಲೆಗೂದಲನ್ನೇ ಕುಂಚ ಕಟ್ಟಿ, ಕಾಡಿಗೆಯಲ್ಲಿ ಅದ್ದಿ ಪಾಪೆಗೆ ಕಣ್ಣು ಬರೆಸಿದ್ದ. ಅತ್ತ ನೆರೆಯವನು ಕುರುಡನಾದ. ಅವನ ಕಡೆಯವರು ಸುಮ್ಮನಿರಲಿಲ್ಲ, ಮಾಟ ತಿರುಗಿಸಿದರು. ಪಾಪೆಯ ಕಣ್ಣು ಸುಟ್ಟುಹೋಯಿತು. ಪಾಂಡು ಮಾವನ ಕಣ್ಣೂ ಹೋಯಿತು. ತಡಕಾಡುತ್ತ ಹೊಳೆಗೆ ಬಿದ್ದು ಸತ್ತ.

"ಅವ ಸತ್ತ. ಕರ್ಸದ್ದ್ ಹೋಯ್ಲಿಲ್ಲೆ," ಎಂದಳು ಅಮ್ಮಣ್ಣಿ. "ಈ ಮಾಡಿನೊಳ್ಗೇ ಇತ್ತ್. ಅದ್ಕೆ ಕಣ್ಣಿಲ್ಲೆ. ಈಗ್ಳೂ ಹುಡ್ಕತಾ ಇತ್ತ್."

"ಇದು ವಿಲಾಯ್ತಿ ಪ್ಲಾಸ್ಟಿಕ್ ಅಮ್ಮಮ್ಮ. ನಿಮ್ಮ ಭೂತಕ್ಕೆ ಇಂಗ್ಲಿಷ್ ಬತ್ತಾ?" ಎಂದು ಲೀಲಾಧರ ತಾನೇ ನಕ್ಕ. ಬೇರೆ ಯಾರೂ ನಗಲಿಲ್ಲ.

ಅಂಟಿನ ವಾಸನೆ ಮಗುವಿಗಾಗದು ಎಂದು ಸರಸ ಗೊಣಗಿದ್ದರಿಂದ ಅವನು ಅಟ್ಟ ಹತ್ತಿದ. ಹಳೆಯ ಭತ್ತದ ಧೂಳು, ಬಾವಲಿ ಹಿಕ್ಕೆಯ ಘಾಟು, ಮುಟ್ಟಿದಲ್ಲೆಲ್ಲ ಜೇಡರ ಬಲೆ. ಕತ್ತಲೆಯ ನಟ್ಟನಡುವೆ ಮಾಡಿನ ಒಂದೇ ಒಂದು ಗಾಜಿನ ಹಂಚಿನಿಂದ ಬಿಸಿಲು ನೇರ ಕೆಳಗೆ ಬೀಳುತ್ತಿತ್ತು. ಆ ಬಿಸಿಲಿಗೆ ಹಳೆಯ ಪೆಟ್ಟಿಗೆ ಎಳೆದು ಸಿಪಾಯಿಯನ್ನು ನಿಲ್ಲಿಸಿದ. ಅಂಗಿಗೆ ಮಣ್ಣಿನ ಬಣ್ಣ, ಬೂಟಿಗೆ ಕಂದು, ಮುಖಕ್ಕೆ ಇಂಗ್ಲಿಷರ ಕೆಂಪು. ಕಣ್ಣು ಯಾವಾಗಲೂ ಕೊನೆಗೆ.

ಕೊನೆಗೆ ನೋಡಿದರೆ ಸಣ್ಣ ಕುಂಚವನ್ನು ಜಿರಲೆ ತಿಂದಿತ್ತು. ಕಪ್ಪು ಬಣ್ಣದ ಶೀಶೆ ಬೊಂಬಾಯಿಯಿಂದ ಬರುವಷ್ಟರಲ್ಲಿ ಒಣಗಿ ಕಲ್ಲಾಗಿತ್ತು. ಬೇರೆ ಯಾರಾದರೂ ಅಲ್ಲಿಗೆ ಬಿಡುತ್ತಿದ್ದರು. ಇವನು ಕೆಳಗಿಳಿದ. ಸರಸ ಬಾವಿಕಟ್ಟೆಯಲ್ಲಿದ್ದಳು. ತೊಟ್ಟಿಲಲ್ಲಿ ಕುಸುಮ ಮಲಗಿದ್ದಳು, ಧೂಪದ ಪರಿಮಳ ಇನ್ನೂ ಅವಳ ನೆತ್ತಿಯಲ್ಲಿತ್ತು. ಅವನ ಕೂದಲು ಒರಟು, ಹೆಂಡತಿಯದೂ ಒರಟು. ಮಗಳದು ರೇಷ್ಮೆ. ಉಗುರು ಕತ್ತರಿಸುವ ಕತ್ತರಿಯಿಂದ ಹಿಂದಲೆಯ ನಾಲ್ಕೆಳೆ ಕತ್ತರಿಸಿಕೊಂಡ, ಪಕ್ಕದಲ್ಲಿದ್ದ ಕಾಡಿಗೆ ಕರಡಿಗೆಯನ್ನೂ ಎತ್ತಿಕೊಂಡ. ಇನ್ನೂ ಚೌಲವಾಗದ ಮಗುವಿನ ತಲೆಗೆ ಕತ್ತರಿ ತಾಗಿಸಬಾರದೆಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದು ಮಾಡುವುದೇ ಅವನಿಗೆ ಖುಷಿ.

ಅಟ್ಟಕ್ಕೆ ಮರಳಿ ಕೂದಲನ್ನು ಕಡ್ಡಿಗೆ ಕಟ್ಟಿದ. ಹರಳೆಣ್ಣೆಯ ಕಾಡಿಗೆ ಕುಂಚದ ತುದಿಯಲ್ಲಿ ಮಿಂಚಿತು. ಬಲಗಣ್ಣು ಬರೆದ. ಮಾಡಿನ ಮೇಲೆ ಏನೋ ಸರಿದ ಸದ್ದು. ಬೆಕ್ಕು, ಎಂದುಕೊಂಡ. ಎಡಗಣ್ಣಿಗೆ ಕೈ ಇಟ್ಟ. ಸದ್ದು ತೊಲೆಯುದ್ದಕ್ಕೂ ತೆವಳುತ್ತ ಬಂದು ಅವನ ನೆತ್ತಿಯ ಮೇಲೆ ನಿಂತಿತು. ಬಿಸಿಲು ಮಂಕಾಯಿತು. ಗಾಜಿನ ಹಂಚಿಗೆ ಯಾರೋ ಮುಖ ಒತ್ತಿ ಕೆಳಗೆ ನೋಡುತ್ತಿದ್ದ ಹಾಗಿತ್ತು. ಅವನು ಕತ್ತೆತ್ತಿದಾಗ ಅಲ್ಲಿ ಬರೀ ಆಕಾಶ. ಕೆಳಗೆ ಮಗು ಒಮ್ಮೆ ಕಿರುಚಿ ಸುಮ್ಮನಾಯಿತು.

"ಹ್ವಾಯ್, ಮಗು ನನ್ ಬದಿ ಕಾಣ್ತಿಲ್ಲೆ," ಎಂದಳು ಸರಸ, ಸಂಜೆ.

"ನಿದ್ದೆಗಣ್ಣು, ಬಿಡು."

ದೀಪ ಹಚ್ಚಿದಾಗಲೂ ಕುಸುಮ ತಿರುಗಲಿಲ್ಲ. ನಿನ್ನೆಯವರೆಗೆ ಕೆಂಪು ಗಿಲಕಿ ಆಡಿಸಿದರೆ ಅದರ ಹಿಂದೆಯೇ ಕಣ್ಣು ಹೊರಳಿಸುತ್ತಿದ್ದಳು, ಮೊದಲು ತುಸು ತಡವಾಗಿ, ಆಮೇಲೆ ಎರಡೂ ಕಣ್ಣು ಮೂಗಿನತ್ತ ಕೂಡಿಸಿಕೊಂಡು. ಈಗ ಸದ್ದಿಗೆ ಬೆಚ್ಚುತ್ತಿದ್ದಳು, ಅಷ್ಟೇ. ಮರುದಿನ ಬೆಳಗಿನ ಬಸ್ಸಿಗೆ ಕುಂದಾಪುರದ ಡಾಕ್ಟರರಲ್ಲಿಗೆ ಓಡಿದರು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಹುಟ್ಟು ಕುರುಡಿರಬೇಕು, ಮಣಿಪಾಲಕ್ಕೆ ತೋರಿಸಿ ಎಂದರು.

"ನಿನ್ನೆ ತನ್ಕ ಕಾಣ್ತಿತ್ತ್," ಎಂದಳು ಸರಸ. ಅದನ್ನೇ ಬಸ್ಸಿನುದ್ದಕ್ಕೂ ಹೇಳುತ್ತ ಬಂದಳು.

"ಇವನೆಂಥ ಡಾಕ್ಟರು? ದನ ನೋಡಲಿಕ್ಕೂ ನಾಲಾಯಕ್," ಎಂದ ಲೀಲಾಧರ. ಬೊಂಬಾಯಿಗೆ ಹೊರಟುಬಿಡುವುದೇ ಸರಿ ಎಂದು, ಮನೆ ಮುಟ್ಟಿದ್ದೇ ಸಿಪಾಯಿಯನ್ನು ಕಟ್ಟಿಕೊಳ್ಳಲು ಅಟ್ಟ ಹತ್ತಿದ. ಮಗಳು ಕುರುಡಾದ ಹೊತ್ತಿನಲ್ಲೂ ಅವನಿಗೆ ಮೊದಲು ನೆನಪಾದದ್ದು ಅದು. ಕೈಯಲ್ಲಿ ಗಿಲಕಿ ಹಾಗೇ ಉಳಿದಿತ್ತು.

ಸಿಪಾಯಿ ಬಿಸಿಲಿನಲ್ಲಿ ನಿಂತಿದ್ದ. ಕಣ್ಣು ಒದ್ದೆಯಾಗಿತ್ತು. ಕಾಡಿಗೆ ಒಣಗಿಲ್ಲ ಎಂದುಕೊಂಡು ಹತ್ತಿರ ಹೋದ. ಗಿಲಕಿ ಅಲುಗಿತು.

ಸಿಪಾಯಿಯ ಕಣ್ಣು ಹೊರಳಿತು.

ಅವನು ಗಿಲಕಿಯನ್ನು ಎಡಕ್ಕೆ ಒಯ್ದ. ಕಣ್ಣು ಎಡಕ್ಕೆ ಬಂತು. ಬಲಕ್ಕೆ. ಬಲಕ್ಕೆ ಬಂತು. ತುಸು ತಡವಾಗಿ. ಆಮೇಲೆ ಎರಡೂ ಮೂಗಿನತ್ತ ಕೂಡಿಕೊಂಡವು. ಅವು ಕುಸುಮಳ ಕಣ್ಣುಗಳು. ಮೇಲೆ ತೊಲೆಯ ಸಂದಿಯಲ್ಲಿ ಯಾರೋ ಸಣ್ಣಗೆ, ಮಗುವಿನ ಹಾಗೆ ನಕ್ಕರು.

ಏಣಿಯಿಂದ ಅರ್ಧ ಇಳಿದು ಅರ್ಧ ಬಿದ್ದ. ತಡವರಿಸುತ್ತ ಎಲ್ಲ ಹೇಳಿದ. ಒಂದು ಮಾತು ಬಿಟ್ಟು.

"ಕೂದ್ಲ್ ಯಾರ್ದ್?" ಎಂದು ಅಮ್ಮಣ್ಣಿ ಕೇಳಿದಳು.

ಸರಸ ಮಗುವಿನ ಹಿಂದಲೆ ಸವರಿ ನೋಡಿದಳು. ಕತ್ತರಿ ಹಾಕಿದ ಜಾಗ ಬೆರಳಿಗೆ ಸಿಕ್ಕಿತು. ಅವಳು ಗಂಡನ ಮುಖ ನೋಡಿದಳು.

"ಬಚ್ಚಲ ಒಲೆಗೆ ಹಾಕಿ ಸುಡ್ತೆ ಅದನ್ನ," ಎಂದು ಅವನು ಎದ್ದ.

"ಸುಟ್ರೆ ಮಗಿನ ಕಣ್ಣೂ ಸುಟ್ಟ್ ಹೋತ್ತ್. ಕೂಕಣಿ," ಎಂದಳು ಅಮ್ಮಣ್ಣಿ. "ಕಾಡ್ಗಿ ಒಣಗೂಕ್ ಮುಂಚೆ ಅದ್ರ ಮೇಲೆಯೇ ಇನ್ನೊಂದ್ ಸಲ ಬರೀಕ್. ಬೇರೆಯವ್ರ ಕೂದ್ಲಿಂದ. ಯಾರ್ ಕೂದ್ಲೋ ಅವ್ರ ಕಣ್ಣ್ ಅದ್ಕೆ, ಮಗಿಂದ್ ಮಗಿಗೆ. ಒಣಗ್ರೆ ಮುಗೀತ್. ನನ್ ಕಣ್ಣ್ ಕೊಡ್ತಿದ್ದೆ, ಹೂ ಬಿದ್ದದ್ದನ್ನ ಅದ್ ಮುಟ್ಟೂದಿಲ್ಲೆ."

ನಾಲ್ವರೂ ಅಟ್ಟದಲ್ಲಿದ್ದರು. ಹೊರಗೆ ರಣಬಿಸಿಲು, ಒಳಗೆ ಕತ್ತಲೆ, ಸಿಪಾಯಿಯ ಮೇಲೆ ಮಾತ್ರ ಬೆಳಕು. ಅಂಚಿನಲ್ಲಿ ಕಾಡಿಗೆ ಆಗಲೇ ಬಿಗಿಯತೊಡಗಿತ್ತು. ಲೀಲಾಧರ ತನ್ನ ಕೂದಲು ಕಿತ್ತು ಕುಂಚ ಕಟ್ಟಿದ. ಅದ್ದಿದ. ಬಲಗಣ್ಣಿನ ಮೇಲೆ ಎಳೆದ.

ಸುಟ್ಟ ಹರಳೆಣ್ಣೆಯ ನಾತ. ತಣ್ಣನೆಯದೇನೋ ಕಣ್ಣಗುಳಿಗೆ ಬೆರಳು ಹಾಕಿತು. ಎಳೆಯಿತು. ಅರ್ಧ ಬಿಸಿಲು ಆರಿತು. ಬಲಭಾಗದಲ್ಲಿ ಅಟ್ಟವಿಲ್ಲ, ಸರಸಳಿಲ್ಲ, ತನ್ನ ಕೈಯೂ ಇಲ್ಲ. ಅಲ್ಲಿ ಏನೂ ಇಲ್ಲ.

"ಬಂತ್," ಎಂದಳು ಸರಸ. ಗಿಲಕಿ ಆಡಿಸುತ್ತಿದ್ದಳು. ಕುಸುಮಳ ಬಲಗಣ್ಣು ಕೆಂಪನ್ನು ಹಿಂಬಾಲಿಸಿತು. ಎಡಗಣ್ಣು ಮಾತ್ರ ಕಲ್ಲಿನ ಹಾಗೆ ನಿಂತಿತ್ತು. "ಇನ್ನೊಂದ್. ಬೇಗ."

ಅವನ ಕುಂಚ ಮೇಲೆದ್ದಿತು. ಅಲ್ಲೇ ನಿಂತಿತು.

"ಒಣಗ್ತಾ ಇತ್ತ್," ಎಂದಳು ಸರಸ.

"ಒಂದು ಕಣ್ಣಿದ್ರೆ ಸಾಕಲ್ಲ ಅವಳಿಗೆ," ಎಂದ ಲೀಲಾಧರ. "ಒಂದರಲ್ಲೂ ಎಲ್ಲ ಕಾಣ್ತದೆ. ನಾನು ಪೂರ್ತಿ ಕುರುಡಾದ್ರೆ ಹೋಟ್ಲು ಯಾರು ಕಾಣೂದು? ಯೋಚ್ನೆ ಮಾಡು ಸರಸ."

ಅಂದಿನ ಅಕ್ಕಿ ಮೂಟೆಗಳ ಸಂದಿಯಿಂದ ಬಂದ ಹಾಗಿತ್ತು ಆ ದನಿ. ಸರಸ ಯೋಚನೆ ಮಾಡಲಿಲ್ಲ. ಮಗುವನ್ನು ಅಜ್ಜಿಯ ತೋಳಿಗೆ ಕೊಟ್ಟಳು. ತನ್ನ ತುರುಬು ಬಿಚ್ಚಿ ನಾಲ್ಕೆಳೆ ಕಿತ್ತಳು. ಅವನ ಕೈಯಿಂದ ಕಡ್ಡಿ ಕಸಿದು, ಅವನ ಕೂದಲು ಬಿಚ್ಚೆಸೆದು ತನ್ನದನ್ನು ಸುತ್ತಿದಳು. ಅದ್ದಿದಳು. ಒಂದೇ ಎಳೆತ. ಕೂಗಲಿಲ್ಲ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಮಗುವಿನ ಮುಂದೆ ಗಿಲಕಿ ಹಿಡಿದಳು. ಕುಸುಮ ಎರಡೂ ಕಣ್ಣು ಕೂಡಿಸಿಕೊಂಡು ನೋಡಿ, ಬಾಯಿ ತೆರೆದು ನಕ್ಕಳು. ಮಾಡಿನ ಮೇಲಿನ ಸದ್ದು ನಿಂತಿತ್ತು. ಅದಕ್ಕೆ ಬೇಕಾದದ್ದು ಸಿಕ್ಕಿತ್ತು.

ಮಳೆಗೆ ಮುಂಚೆ ಅವರು ಬೊಂಬಾಯಿಗೆ ಹೋದರು. ಗಾಜಿನ ಕಪಾಟು ಖಾಲಿಯಾಯಿತು. ಗಲ್ಲೆಯಲ್ಲಿ ಈಗ ಸರಸಳೇ ಕೂರುತ್ತಾಳೆ. ಅಪಘಾತ ಎಂದು ಗಿರಾಕಿಗಳಿಗೆ ಲೀಲಾಧರ ಹೇಳುತ್ತಾನೆ, ಅವಳು ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. ಉಳಿದ ಒಂದು ಕಣ್ಣನ್ನು ಅವಳು ಲೆಕ್ಕಕ್ಕೂ ಮಗಳಿಗೂ ಇಟ್ಟುಕೊಂಡಿದ್ದಾಳೆ, ಗಂಡನ ಮೇಲೆ ಹಾಯಿಸಿದ್ದನ್ನು ಯಾರೂ ಕಂಡಿಲ್ಲ.

ಬಸ್ರೂರಿನ ಮನೆಯಲ್ಲಿ ಸಿಪಾಯಿ ಅಟ್ಟದ ಪೆಟ್ಟಿಗೆಯೊಳಗಿದ್ದಾನೆ. ಅವನನ್ನು ಸುಡುವ ಹಾಗಿಲ್ಲ, ಎಸೆಯುವ ಹಾಗಿಲ್ಲ. ವರ್ಷಕ್ಕೊಮ್ಮೆ ಅಮ್ಮಣ್ಣಿ ಯಾರನ್ನಾದರೂ ಹತ್ತಿಸಿ ಧೂಳು ಒರೆಸುತ್ತಾಳೆ. ಕಳೆದ ಸಲ ಒರೆಸಿದ ಕೆಲಸದ ಸುಗುಣ ಕೆಳಗಿಳಿದು ಬಂದು, ಆ ಗೊಂಬೆಯ ಕಣ್ಣು ಸರಿಯಿಲ್ಲ ಎಂದಳು.

"ಎಂತ ಆಯ್ತ್?" ಎಂದು ಅಮ್ಮಣ್ಣಿ ಕೇಳಿದಳು.

"ಬಲದ್ದ್ ಎಡದ್ರ ಬದಿಯೇ ಕಾಣ್ತಾ ಇತ್ತ್, ಎಂತದೋ ಬೇಡ್ಕಂಬ ಹಾಂಗೆ. ನಾ ಎತ್ಲಾಗ್ ತಿರ್ಗ್ಸಿರೂ ಹಾಂಗೆ."

"ಎಡದ್ದ್?"

"ಅದ್ ಗೋಡೆ ಬದಿ ಕಾಣ್ತಿತ್ತ್."