ಯಾರೂ ಒತ್ತದ ‘ಇಲ್ಲ’

“ಈ ಹಸಿರು ಬಟನ್ ಮಾಡಿದ್ದು ನೀವೇನಾ?”

ವೆನಿಂಗ್ ತಲೆಯೆತ್ತಿದಳು. ಎದುರಿಗೆ ನಿಂತವನ ಕಾಲಲ್ಲಿ ಒಣಗಿದ ಕೆಸರು, ಕೈಯಲ್ಲಿ ಗಾಜೊಡೆದ ಮೊಬೈಲು. ಊರಿನ ಜನ ದೂರು ಕೊಡುವ ಸರ್ಕಾರಿ ವೆಬ್‌ಸೈಟು ಅವಳದೇ ಕೈಕೆಲಸ. ಹೆಮ್ಮೆಯಿಂದಲೇ ಹೌದೆಂದಳು, ಪಾಪ.

“ಇದು ನಮ್ಮಮ್ಮನ ಮೊಬೈಲು. ಹಲಗೆ ಸೇತುವೆ ಮುರಿದಿದೆ ಅಂತ ಮೂರು ಸಲ ದೂರು ಕೊಟ್ಲು. ಮೂರು ಸಲವೂ ‘ಪರಿಹಾರವಾಗಿದೆ’ ಅಂತ ಮುಚ್ಚಿದೀರಿ. ಹೋದ ಗುರುವಾರ ಅಲ್ಲಿಂದಲೇ ಬಿದ್ದು ಸತ್ಲು.”



ಅವನು ಜತ್ಮಿಕೊ, ನಮ್ಮ ಜಾವಾ ಕರಾವಳಿಯ ಕಾರಂಗ್‌ಸುರುಟ್ ಕೇರಿಯಲ್ಲಿ ದೋಣಿ ರಿಪೇರಿ ಮಾಡುವವನು. ಆ ಕೇರಿಯೊಳಕ್ಕೆ ದಿನಾ ಸಮುದ್ರ ನುಗ್ಗುತ್ತೆ. ಹಲಗೆಯಿಲ್ಲದೆ ಪಕ್ಕದ ಮನೆಗೂ ಹೋಗೋ ಹಾಗಿಲ್ಲ. ಕಚೇರಿಯವರೇ ಗುಟ್ಟಾಗಿ ದೂರು ಮುಚ್ಚಿದ್ದಾರೆ ಅಂತ ಅವನ ಸಿಟ್ಟು.

ಅವಳು ದಾಖಲೆ ತೆಗೆದು ನೋಡಿದಳು. ‘ನಿಮ್ಮ ತೊಂದರೆ ಬಗೆಹರಿಯಿತೇ?’ ಎಂಬ ಪ್ರಶ್ನೆಗೆ ಮೂರು ಸಲವೂ ಹಸಿರು ಬಟನ್ನಿನ ‘ಹೌದು’. ಅದೂ ಇದೇ ಮೊಬೈಲಿನಿಂದ.

“ಒತ್ತಿದ್ದು... ನಿಮ್ಮಮ್ಮನೇ, ಮಾಸ್,” ಅಂದಳು, ನಮ್ಮಲ್ಲಿ ಗಂಡಸರನ್ನು ಗೌರವದಿಂದ ಕರೆಯುವ ಹಾಗೆ.

“ಮಣ್ಣು ಮಾಡಿ ವಾರವಾಗಿಲ್ಲ. ತಪ್ಪನ್ನ ಅವಳ ತಲೆಗೇ ಕಟ್ತೀರಾ?”

ಅಷ್ಟಂದು ಹೊರಟೇಬಿಟ್ಟ. ಆ ಕಣ್ಣು ಮಾತ್ರ ಅವಳನ್ನು ಬಿಡಲಿಲ್ಲ. ‘ನಾನು ಸುಳ್ಳು ಹೇಳಲಿಲ್ಲವಲ್ಲ... ಮತ್ಯಾಕೆ ಇಷ್ಟು ಸಂಕಟ?’

ಮರುದಿನ ಬೆಳಿಗ್ಗೆಯೇ ಕೇರಿಗೆ ಹೋದಳು. ಜತ್ಮಿಕೊನ ಪಕ್ಕದ ಮನೆಯ ಮುದುಕಿ ತೂಮಿನಾ ಸಕ್ಕರೆ ಸುರಿದ ಚಹಾ ಕೊಟ್ಟು ಕೂರಿಸಿದಳು. ಇಬ್ಬರ ಕಾಲೂ ನೀರಲ್ಲೇ. ನೀರು ನುಗ್ಗುತ್ತೆ ಅಂದ ನಿಮ್ಮ ದೂರು ಬಗೆಹರಿಯಿತಾ ಅಜ್ಜಿ ಅಂದರೆ, ಹೂಂ ಮಗಳೇ, ಆಯ್ತು ಅಂತ ನಗುತ್ತಾಳೆ! ಬಿಡದೆ ಕೇಳಿದ ಮೇಲೆ ಮುದುಕಿ ದನಿ ತಗ್ಗಿಸಿದಳು.

“ಮೊಬೈಲಲ್ಲಿ ಆ ಪ್ರಶ್ನೆ ಪಕ್ಕ ಕಚೇರಿ ಸಾಹೇಬರ ಫೋಟೊ ಇರುತ್ತಲ್ಲ, ನಗ್ತಾ. ‘ನಿಮಗಾಗಿ ದುಡಿದಿದ್ದೇನೆ’ ಅಂತಾರೆ. ಮುಖ ನೋಡ್ಕೊಂಡು ಇಲ್ಲ ಅನ್ನೋದು ಹ್ಯಾಗೆ? ಅವರಿಗೆ ಬೇಜಾರಾಗಲ್ವಾ?”

ಜನಕ್ಕೆ ಆಪ್ತವೆನಿಸಲಿ ಅಂತ ಆ ಫೋಟೊ ಹಾಕಿಸಿದ್ದು ವೆನಿಂಗ್‌ಳೇ. ನಮ್ಮ ಜಾವಾದಲ್ಲೇ ಹುಟ್ಟಿ ಬೆಳೆದವಳಿಗೆ ಅಷ್ಟೂ ಹೊಳೆಯಬಾರದೇ? ನಾವು ಯಾರ ಮುಖಕ್ಕೆ ಯಾವತ್ತು ಇಲ್ಲ ಅಂದಿದ್ದೇವೆ ಹೇಳಿ!

ಬಾಗಿಲಲ್ಲಿ ಜತ್ಮಿಕೊ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

“ಅಮ್ಮ ಅಂಥವಳೇ,” ಅಂದವನು ಗೋಡೆಗೊರಗಿ ಬಿಕ್ಕಿದ. ವೆನಿಂಗ್‌ಗೂ ಅಳು ತಡೆಯಲಾಗಲಿಲ್ಲ.

ಆ ಕೇರಿಯಲ್ಲೇ ಹೀಗೆ ಮುಚ್ಚಿದ ದೂರು ಇನ್ನೂರಕ್ಕೂ ಹೆಚ್ಚು. ಅವನ್ನು ಮತ್ತೆ ತೆರೆಯದಿದ್ದರೆ ಇನ್ನೊಬ್ಬರು ಬೀಳುವುದು ಖಂಡಿತ. ಹೌದು-ಇಲ್ಲ ಕೇಳಲೇಬೇಡಿ, ಅಲ್ಲಿ ಏನಿದೆ ಅಂತ ಒಂದು ಚಿತ್ರ ಕೇಳಿ ಅಂದವನು ಜತ್ಮಿಕೊನೇ. ನಿಜ ಸ್ಥಿತಿ ನೋಡಲು ವಾರವಿಡೀ ಇಬ್ಬರೂ ಮನೆಮನೆ ಸುತ್ತಿದರು. ಹಲಗೆ ಜಾರುವ ಕಡೆ ಅವನು ಮಾತಿಲ್ಲದೆ ಕೈ ಕೊಡುತ್ತಿದ್ದ. ಅವಳು ಬೇಗ ಬಿಡುತ್ತಿರಲಿಲ್ಲ.

ದೂರು ಮತ್ತೆ ತೆರೆಯಲು ಮೇಲಧಿಕಾರಿ ಒಪ್ಪಲಿಲ್ಲ. ನೂರಕ್ಕೆ ತೊಂಬತ್ತಾರು ಜನ ತೃಪ್ತರು ಅಂತ ಪ್ರಶಸ್ತಿಗೆ ಬರೆದಾಗಿತ್ತಂತೆ. ವೆನಿಂಗ್ ಹೇಳದೆ ಕೇಳದೆ ಫೋಟೊ ಕಿತ್ತಳು, ಪ್ರಶ್ನೆ ಬದಲಿಸಿದಳು, ದೂರುಗಳನ್ನೆಲ್ಲ ತೆರೆದಳು. ಮೂರೇ ದಿನಕ್ಕೆ ತೊಂಬತ್ತಾರು ಹನ್ನೊಂದಕ್ಕಿಳಿಯಿತು. ಪರದೆಯ ತುಂಬ ಜನ ಕಳಿಸಿದ ಚಿತ್ರಗಳು: ನೀರು, ಮುರಿದ ಹಲಗೆ. ಅವಳ ಕೆಲಸವೂ ಹೋಯಿತು.

ಜತ್ಮಿಕೊನಿಂದ ಒಂದು ತಿಂಗಳು ಸುದ್ದಿಯಿಲ್ಲ. ‘ಕ್ಷಮಿಸಲಾರ... ಹೇಗೆ ಕ್ಷಮಿಸ್ತಾನೆ?’

ಸೇತುವೆಗೆ ಹೊಸ ಹಲಗೆ ಬಡಿಯುವ ದಿನ ಅವಳು ದೂರದಲ್ಲೇ ನಿಂತಿದ್ದಳು. ಅವನೇ ಬಂದ. ಸೊರಗಿಹೋಗಿದ್ದ.

“ನಿಮ್ಮನ್ನ ನೋಡಿದ್ರೆ ಅಮ್ಮ ಬಿದ್ದಿದ್ದು ನೆನಪಾಗುತ್ತೆ,” ಅಂದ. “ಅದಕ್ಕೇ ಬರಲಿಲ್ಲ.”

“ಗೊತ್ತು. ನಾನು ಹೋಗ್ತೀನಿ.”

“ನೋಡದೆ ಇದ್ರೂ ನೆನಪಾಗುತ್ತೆ, ವೆನಿಂಗ್. ಜೊತೆಗೆ ನೀವೂ ಇರೋದಿಲ್ಲ.”

ಅವಳು ಹೊಸ ಹಲಗೆಯತ್ತ ನೋಡಿದಳು. “ನನ್ನಿಂದ ಆಗಿದ್ದು ಯಾವತ್ತೂ ಹೋಗಲ್ಲ, ಮಾಸ್.”

“ಹೋಗಲ್ಲ,” ಅಂದ ಅವನು. “ಅದನ್ನ ಒಬ್ಬಳೇ ಹೊರಬೇಡ.”