ಡಾಕ್ಟರ್ ಕೇಳಿದ ಪ್ರಶ್ನೆ

“ರಕ್ತ ಕೊಡೋ ಮುಂಚಿನ ಎರಡು ದಿನದಲ್ಲಿ ಗಂಡ ಹೆಂಡತಿ ಕೂಡಿದ್ರಾ?”

ಡಾಕ್ಟರ್ ಕೇಳಿದ್ದು ನನ್ನ ಗಂಡನನ್ನು. ಪಕ್ಕದಲ್ಲೇ ಇವರ ಮೊದಲ ಹೆಂಡತಿಯ ಮಗಳು ಕೂತಿದ್ದಳು.

“ಛೆ, ಛೆ! ಈ ವಯಸ್ಸಲ್ಲಾ?” ಅಂದರು ಇವರು.

ಮದುವೆಯಾಗಿ ಮೂರೇ ವಾರ. ಅವರಿಗೆ ಅರವತ್ತೊಂದು, ನನಗೆ ಐವತ್ತೆರಡು. ಅವರಿಗೆ ಎರಡನೆಯದು, ನನಗೆ ಮೊದಲನೆಯದು. ಮದುವೆಗೆ ಮುಂಚೆ, ಫ್ರೇಮ್ ಸಡಿಲ ಅಂತ ಅವರ ಕನ್ನಡಕದಂಗಡಿಗೆ ಮೂರು ಸಲ ಹೋಗಿದ್ದೆ. ಮೂರನೇ ಸಲ ಅವರು ಓರೆಗಣ್ಣಲ್ಲಿ ನೋಡಿ, “ಟೀಚರ್, ಇದು ಸರಿಯಾಗೇ ಇದೆ. ನಾಳೆ ಬರೋದಕ್ಕೆ ಬೇರೆ ನೆಪ ಹುಡುಕಿ,” ಅಂದಿದ್ದರು.

ಡಾಕ್ಟರ್ ರಿಪೋರ್ಟ್ ಮಡಚಿದರು. “ಪಿಎಸ್‌ಎ ಅನ್ನೋದು ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟೋ ಒಂದು ಕಿಣ್ವ. ಕ್ಯಾನ್ಸರ್ ಇದ್ರೆ ರಕ್ತದಲ್ಲಿ ಜಾಸ್ತಿಯಾಗುತ್ತೆ. ಕೂಡಿದ್ರೂ ಸ್ವಲ್ಪ ಏರುತ್ತೆ. ನಿಮ್ದು ಜಾಸ್ತಿ ಬಂದಿದೆ. ಅದೇನೂ ಇಲ್ಲ ಅಂದ್ರೆ ನೇರ ಬಯಾಪ್ಸಿಗೇ ಹೋಗೋಣ, ಸೂಜಿ ಹಾಕಿ ಗ್ರಂಥಿಯ ಚೂರು ತೆಗೆದು ನೋಡೋದು.”

ಸೂಜಿ ಅಂದರೆ ಬೆವರುವ ಮನುಷ್ಯ, ಆದರೂ ಆಗಲಿ ಅಂತ ತಲೆಯಾಡಿಸಿದರು.

“ಸುಳ್ಳು ಹೇಳ್ತಿದಾರೆ ಡಾಕ್ಟ್ರೇ,” ಅಂದೆ. ಕಿವಿ ಸುಡುತ್ತಿತ್ತು. “ಹಿಂದಿನ ದಿನಾನೇ…”

ಮಗಳು ದಡಬಡ ಎದ್ದು, ನೀರು ತರ್ತೀನಿ ಅಂತ ಹೊರಗೆ ಹೋದಳು. ತುಂಬಿದ ಬಾಟಲಿ ಅವಳ ಕೈಯಲ್ಲೇ ಇತ್ತು. ಮನೆ ಸೇರುವವರೆಗೂ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎರಡು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟರು. ಅಂಕಿ ಇಳಿಯಲಿಲ್ಲ. ಬಯಾಪ್ಸಿಯೂ ಆಯಿತು, ಕ್ಯಾನ್ಸರ್ ಅಂತಲೂ ಆಯಿತು. ನಾನು ಮಾನ ಬಿಟ್ಟು ಹೇಳಿದ್ದು ಉಪಯೋಗಕ್ಕೆ ಬರಲಿಲ್ಲ. ರೇಡಿಯೇಶನ್ ಜೊತೆಗೆ ಒಂದು ಮಾತ್ರೆ ಬರೆದುಕೊಟ್ಟರು. ಗಂಡಸಿನ ಹಾರ್ಮೋನು ತಯಾರಾಗಲು ಬೇಕಾದ ಇನ್ನೊಂದು ಕಿಣ್ವವನ್ನು ಅದು ತಡೆಯುತ್ತದಂತೆ. ಗಡ್ಡೆಗೆ ಆ ಹಾರ್ಮೋನೇ ಊಟ. ಅದು ನಿಂತರೆ ಗಡ್ಡೆ ಸೊರಗುತ್ತೆ, ಆಸೆಯೂ ಸೊರಗುತ್ತೆ ಅಂದರು ಡಾಕ್ಟರ್.

ಮಾತ್ರೆ ಶುರುವಾದ ಮೇಲೆ ಇವರು ಹಾಸಿಗೆ ಸುತ್ತಿಕೊಂಡು ಮುಂದಿನ ಕೋಣೆಗೆ ಹೋದರು. ಅಂಗಿ ಬದಲಿಸುವಾಗಲೂ ಚಿಲಕ ಹಾಕಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ದಿಂಬು ಹಿಡಿದು ನಾನೂ ಅಲ್ಲಿಗೇ ಹೋದೆ.

“ಟೀಚರ್, ಇನ್ನು ನನ್ನಿಂದ ಏನೂ ಆಗಲ್ಲ,” ಅಂದರು ಆಚೆ ತಿರುಗಿಕೊಂಡು. “ನಿಮ್ಮ ಮುಖ ನೋಡೋಕೂ ನಾಚಿಕೆ.”

“ನಾಚಿಕೆ ನನಗೂ ಇದೆ,” ಅಂದೆ. “ಐವತ್ತೆರಡು ವರ್ಷ ಒಬ್ಬಳೇ ಮಲಗಿದವಳು. ಈಗ ಪಕ್ಕದಲ್ಲಿ ನಿಮ್ಮ ಗೊರಕೆ ಕೇಳದಿದ್ರೆ ನಿದ್ದೆ ಹತ್ತಲ್ಲ. ಇದನ್ನ ಯಾರ ಹತ್ರ ಹೇಳ್ಕೊಳ್ಳಲಿ?”

ಅವರು ಗೋಡೆ ಕಡೆ ಸರಿದು, ಪಕ್ಕದಲ್ಲಿ ನನಗೆ ಜಾಗ ಮಾಡಿದರು.