ಒಂಟೆಮರಿಯ ನಡಿಗೆ

"ಟೇಪ್ ಕೊಡು!"

ಸೆಕ್ಯುರಿಟಿಯವನ ತೋಳು ನನ್ನ ಕುತ್ತಿಗೆಯನ್ನು ಅಮುಕುತ್ತಿತ್ತು. ಉಸಿರು ಕಟ್ಟಿದ್ದೇ ಒಳ್ಳೆಯದಾಯಿತು, ಅವನ ಬೆವರಿನ ನಾತ ತಪ್ಪಿತು!

ಮೊಣಕೈಯಿಂದ ಹೊಟ್ಟೆಗೆ ಒಂದು ಬಿಟ್ಟೆ. ಓಡಿದೆ.

ವಿಷಯ ಇಷ್ಟೇ. ಈ ಆನಿಮೇಷನ್ ಸ್ಟುಡಿಯೋ ಇವತ್ತು ಹನ್ನೊಂದಕ್ಕೆ ಹೊಸ ಮಾಲೀಕರ ಕೈಸೇರಲಿತ್ತು. ಜೊತೆಗೆ ಕಂಪನಿಯ ಚರಿತ್ರೆಯ ಬಿಡುಗಡೆ. ದಪ್ಪ ಪುಸ್ತಕ! ಲೋಕವೆಲ್ಲ ಮೆಚ್ಚಿದ ಒಂಟೆಮರಿ ಎಂಬ ಕಾರ್ಟೂನ್ ಪಾತ್ರವನ್ನು ಚೇರ್ಮನ್ ಒಬ್ಬನೇ ಸೃಷ್ಟಿಸಿದನಂತೆ. ಪುಣ್ಯಕ್ಕೆ, ಕಂಪ್ಯೂಟರನ್ನೂ ತಾನೇ ಕಂಡುಹಿಡಿದೆ ಅಂತ ಬರೆಸಿರಲಿಲ್ಲ.

ಸೃಷ್ಟಿಸಿದ್ದು ಅವನ ಅಕ್ಕ. ಪುಸ್ತಕದಲ್ಲಿ ಆಕೆಯ ಹೆಸರೇ ಇಲ್ಲ. ಪುರಾವೆ ಹುಡುಕಿ ತರಲು ನನ್ನನ್ನು ಕರೆಸಿದ್ದು ಆಕೆಯೇ.

ಪಾತ್ರವನ್ನು ನಡೆಸುವ ಮುಂಚೆ ಆನಿಮೇಷನ್‌ನವರು ತಾವೇ ನಡೆದು ವಿಡಿಯೋ ಮಾಡಿಕೊಳ್ಳುತ್ತಾರೆ. ಒಂಟೆಮರಿಗಾಗಿ ಆಕೆ ಒಬ್ಬರೇ ಇದ್ದಾಗ ನಡೆದು ತೆಗೆದಿದ್ದ ಟೇಪು ಗೋಡೌನಿನಲ್ಲಿತ್ತು. ಈಗ ನನ್ನ ಶರ್ಟಿನೊಳಗೆ.

ಮೆಟ್ಟಿಲ ಮೇಲೆ ಇನ್ನೊಬ್ಬ ಕಾಲು ಅಡ್ಡ ಕೊಟ್ಟ. ಮುಗ್ಗರಿಸಿದೆ. ಟೇಪು ಜಾರಿ ಬಿತ್ತು. ಅದರ ಮೇಲೆ ಅವನ ಬೂಟು...

ಚಟ್! ಅದು ಮುರಿದ ಮೇಲೆ ನನ್ನನ್ನು ಯಾರೂ ತಡೆಯಲಿಲ್ಲ.

ಮೀಟಿಂಗ್ ಹಾಲ್ ಬಾಗಿಲಲ್ಲಿ ಆಕೆ ಊರುಗೋಲು ಹಿಡಿದು ಕಾಯುತ್ತಿದ್ದರು.

"ಹೋಯ್ತಮ್ಮಾ... ಪುಡಿಪುಡಿ."

"ನಿಮ್ಗೆ ಪೆಟ್ಟಾಯ್ತೇನಪ್ಪಾ?"

"ನನ್ನ ಬಿಡಿ. ಒಳಗೆ ಏನು ತೋರಿಸ್ತೀರಿ?"

ಆಕೆ ತಮ್ಮ ಎಡಗಾಲನ್ನು ನೋಡಿಕೊಂಡರು.

"ಚಿಕ್ಕಂದಿನಲ್ಲಿ ಕಾಲು ಮುರಿದಿತ್ತು. ನಾನು ನಡೆದ್ರೆ ಎಲ್ರೂ ನಗ್ತಿದ್ರು. ಅದಕ್ಕೇ ಈ ಕೋಲು ಬಿಟ್ಟು ಯಾರ ಮುಂದೆಯೂ ನಡೆದಿಲ್ಲ... ಹಿಡ್ಕೊಳ್ಳಿ."

ಕೋಲು ನನ್ನ ಕೈಗೆ ಬಂತು. ಆಕೆ ಬಾಗಿಲು ತಳ್ಳಿದರು.

"ಬಾ ಅಕ್ಕಾ!" ಚೇರ್ಮನ್ ಹಲ್ಲು ಕಿರಿದ. "ಪುರಾವೆ ತಂದ್ಯಾ?"

"ನಾನೇ ಬಂದಿದೀನಲ್ಲೋ!"

ಆಕೆ ನಡೆದರು. ಎಡಗಾಲು ಎಳೆತ... ಪುಟ್ಟದೊಂದು ನೆಗೆತ... ಬಲ ಭುಜ ಮೇಲಕ್ಕೆ. ಉದ್ದ ಮೇಜಿನ ಈ ತುದಿಯಿಂದ ಆ ತುದಿಗೆ.

ಸಾಕ್ಷಾತ್ ಒಂಟೆಮರಿ!

ಯಾರೂ ನಗಲಿಲ್ಲ. ಕಂಪನಿ ಕೊಳ್ಳಲು ಬಂದಿದ್ದ ನರೆಗೂದಲ ಹೆಂಗಸು ಪೆನ್ನು ಕೆಳಗಿಟ್ಟರು.

"ನನ್ನ ಮೊಮ್ಮಗಳು ಮನೆ ತುಂಬ ಹೀಗೇ ನಡೀತಾಳೆ... ಪುಸ್ತಕದಲ್ಲಿ ಇವರ ಹೆಸರು ಬರೋವರೆಗೂ ಸಹಿ ಇಲ್ಲ."

"ಇದೆಲ್ಲ ನಾಟಕ, ಮೇಡಂ!" ಚೇರ್ಮನ್ ಕಿರುಚಿದ. "ಒಂಟೆಮರಿ ನಂದು! ಆ ನಡಿಗೆ ನಂದು!"

"ಹಾಗಾದ್ರೆ ನೀವೂ ನಡೆದು ತೋರಿಸಿ," ಎಂದರು ಆ ನರೆಗೂದಲ ಹೆಂಗಸು.

ಚೇರ್ಮನ್ ಟೈ ಸರಿಮಾಡಿಕೊಂಡ. ಅಕ್ಕನ ಮುಖ ನೋಡಿದ, ನೆಲ ನೋಡಿದ. ಕೊನೆಗೆ ನಡೆದೇ ಬಿಟ್ಟ... ಸೀದಾ ಬಾಗಿಲಾಚೆಗೆ!

ನಡಿಗೆಯೇನೋ ಚೆನ್ನಾಗಿತ್ತು. ದುಡ್ಡು ಕೊಟ್ಟು ನೋಡುವಂಥದ್ದಲ್ಲ, ಅಷ್ಟೇ.